ಹಡಗಿನ ಊರಿನ ಅಂಗೈ ಉಪಗ್ರಹ

ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದ ನಡುವೆ ಹರಿಯುವ ಕ್ಲೈಡ್ ನದಿ ಒಂದು ಕಾಲಕ್ಕೆ ಹಡಗುಗಳ ತವರು. 1934ರಲ್ಲಿ ನೀರಿಗಿಳಿದ ‘ಕ್ವೀನ್ ಮೇರಿ’ ರೂಪುಗೊಂಡದ್ದು ಇದೇ ನದಿಯ ದಂಡೆಯಲ್ಲಿ. ಎರಡನೇ ಮಹಾಯುದ್ಧ ಕಳೆದ ಕೆಲವು ದಶಕಗಳಲ್ಲಿ, ವಿದೇಶಿ ಪೈಪೋಟಿ ತಾಳಲಾರದೆ, ಅಲ್ಲಿನ ಹಡಗು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 2005ರಲ್ಲಿ ಅದೇ ನದಿಯ ಹೆಸರು ಹೊತ್ತು ‘ಕ್ಲೈಡ್ ಸ್ಪೇಸ್’ ಎಂಬ ಪುಟ್ಟ ಕಂಪೆನಿ ಅಲ್ಲಿ ಹುಟ್ಟಿತು. ಸ್ಥಾಪಕ ಕ್ರೇಗ್ ಕ್ಲಾರ್ಕ್. ಅದು ಕೈಹಾಕಿದ್ದು, ಅಂಗೈ ಮೇಲೆ ಕೂರುವ ಉಪಗ್ರಹಗಳಿಗೆ ಬೇಕಾದ ಬ್ಯಾಟರಿ, ಸೌರಫಲಕ ಮತ್ತು ವಿದ್ಯುತ್ ನಿಯಂತ್ರಕಗಳ ತಯಾರಿಕೆಗೆ.

ಹತ್ತು ವರ್ಷ ಮೊದಲಾಗಿದ್ದರೆ ಇಂಥ ಕಂಪೆನಿ ನಡೆಯುವುದು ಕಷ್ಟವಿತ್ತು. ಉಪಗ್ರಹಗಳ ಅಳತೆ, ಆಕಾರ ಒಂದೊಂದಕ್ಕೂ ಬೇರೆ. ಒಂದಕ್ಕೆ ಮಾಡಿದ ಭಾಗ ಇನ್ನೊಂದಕ್ಕೆ ಹೊಂದುವುದು ಅಪರೂಪ. 1999ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಪ್ರಾಧ್ಯಾಪಕರು, ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್, ವಿದ್ಯಾರ್ಥಿಗಳ ಕಲಿಕೆಗೆಂದು ಒಂದು ಅಳತೆ ಗೊತ್ತುಮಾಡಿದರು: ಪ್ರತಿ ಬದಿಗೆ 10 ಸೆಂಟಿಮೀಟರ್, ತೂಕ ಸುಮಾರು 1 ಕಿಲೊಗ್ರಾಂ. ಇದೇ ‘ಕ್ಯೂಬ್‌ಸ್ಯಾಟ್’. ಸ್ಪ್ರಿಂಗ್ ಅಳವಡಿಸಿದ ಪೆಟ್ಟಿಗೆಯಲ್ಲಿ ಇವನ್ನು ತುಂಬಿ ರಾಕೆಟ್ಟಿಗೆ ಜೋಡಿಸುತ್ತಾರೆ. ಕಕ್ಷೆ ತಲುಪಿದಾಗ ಪೆಟ್ಟಿಗೆಯ ಬಾಗಿಲು ತೆರೆದು ಅವು ಹೊರಬೀಳುತ್ತವೆ. ಮೊದಲ ಕ್ಯೂಬ್‌ಸ್ಯಾಟ್‌ಗಳು 2003ರ ಜೂನ್‌ನಲ್ಲಿ ರಷ್ಯದಿಂದ ಕಕ್ಷೆ ಸೇರಿದವು.

ಅಳತೆ ಒಂದಾದೊಡನೆ ಬಿಡಿಭಾಗಗಳಿಗೂ ಮಾರುಕಟ್ಟೆ ಏರ್ಪಟ್ಟಿತು. ಒಮ್ಮೆ ರೂಪಿಸಿದ ಬ್ಯಾಟರಿಯನ್ನು ಹಲವು ದೇಶಗಳ ವಿಶ್ವವಿದ್ಯಾಲಯಗಳಿಗೆ ಮಾರುವುದು ಸಾಧ್ಯವಾಯಿತು.

ವಸ್ತು ಚಿಕ್ಕದಾದರೂ ಕೆಲಸ ಸುಲಭದ್ದಲ್ಲ. 10 ಸೆಂಟಿಮೀಟರಿನ ಒಂದು ಬದಿಯ ಮೇಲೆ ನೇರವಾಗಿ ಬೀಳುವ ಬಿಸಿಲಿನ ಶಕ್ತಿ ಸುಮಾರು 14 ವ್ಯಾಟ್. ಉತ್ತಮ ಸೌರಕೋಶವೂ ಅದರಲ್ಲಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ವಿದ್ಯುತ್ತಾಗಿಸಬಲ್ಲದು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ಸಾಮಾನ್ಯವಾಗಿ ಅದರಲ್ಲಿ ಮೂರನೇ ಒಂದು ಪಾಲು ಕತ್ತಲು. ಹೀಗಾಗಿ ಬ್ಯಾಟರಿ ವರ್ಷಕ್ಕೆ 5,000ಕ್ಕೂ ಹೆಚ್ಚು ಬಾರಿ ತುಂಬಿ ಬಳಕೆಯಾಗಬೇಕು. ಅದು ಕೈಕೊಟ್ಟರೆ ಉಪಗ್ರಹ ಮೂಕವಾದಂತೆಯೇ. ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ.

ಬಿಡಿಭಾಗ ಮಾರುತ್ತಿದ್ದ ಕಂಪೆನಿ ಮುಂದೆ ಇಡೀ ಉಪಗ್ರಹವನ್ನೇ ಕಟ್ಟಿತು. ಸ್ಕಾಟ್‌ಲೆಂಡಿನಲ್ಲಿ ನಿರ್ಮಾಣವಾದ ಮೊದಲ ಉಪಗ್ರಹ ‘ಯುಕ್ಯೂಬ್-1’, 2014ರ ಜುಲೈ 8ರಂದು ಬೈಕನೂರಿನಿಂದ ಮೇಲೇರಿತು. 2018ರಲ್ಲಿ ಸ್ವೀಡನ್ನಿನ ಕಂಪೆನಿಯೊಂದು ಕ್ಲೈಡ್ ಸ್ಪೇಸನ್ನು ಕೊಂಡಿತು. ನದಿಯ ಹೆಸರು ಮಾತ್ರ ಹೊಸ ಕಂಪೆನಿಯ ಹೆಸರಿನಲ್ಲೂ ಉಳಿಯಿತು.

ಹಡಗು ಕಾರ್ಖಾನೆಗಳು ಸಾಕಿದಷ್ಟು ಸಂಸಾರಗಳನ್ನು ಈ ಉದ್ಯಮ ಸಾಕಲಾರದು. ಆದರೆ ಸರ್ಕಾರಗಳೂ ಭಾರೀ ಕಂಪೆನಿಗಳೂ ಆಳುತ್ತಿದ್ದ ಬಾಹ್ಯಾಕಾಶದಲ್ಲಿ ಸಣ್ಣ ಬಂಡವಾಳಕ್ಕೂ ಜಾಗವಿದೆಯೆಂದು ಅದು ತೋರಿಸಿತು. ಆ ಜಾಗ ಸಿಕ್ಕಿದ್ದು, ಎಲ್ಲರೂ ಒಪ್ಪಿಕೊಂಡ 10 ಸೆಂಟಿಮೀಟರಿನ ಒಂದು ಅಳತೆಯಿಂದ.