ಆ 'ಆದ್ರೂ' ಅನ್ನೋ ಪದದ ಬಗ್ಗೆ



"ಇವರು ಶಾಸ್ತ್ರೀಯವಾಗಿ ಕಲಿತಿಲ್ಲ, ಆದ್ರೂ ಎಷ್ಟು ಚೆನ್ನಾಗಿ ಬಾರಿಸ್ತಾರೆ!" ನಮ್ಮ ತಮಟೆಯೋರನ್ನ ವೇದಿಕೆಗೆ ಕರೆದಾಗೆಲ್ಲ ಈ ಮಾತು ಕೇಳ್ತೀವಿ. ಹೊಗಳಿಕೆ ಅಂತಲೇ ಹೇಳ್ತಾರೆ. ಆ 'ಆದ್ರೂ' ಇದೆಯಲ್ಲ, ಅದು ನನಗೆ ಚುಚ್ಚುತ್ತೆ.

ನಮ್ಮಪ್ಪ ತಮಟೆ ಬಡೀತಿದ್ರು. ಶ್ರುತಿ ಅನ್ನೋ ಪದ ಅವರ ಬಾಯಲ್ಲಿ ಬಂದಿದ್ದೇ ಇಲ್ಲ. ಮಳೆಗಾಲದಲ್ಲಿ ಚರ್ಮ ಮೆತ್ತಗಾಗಿ ನಾದ ಇಳಿದ್ರೆ, ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ "ಈಗ ಬಂತು" ಅಂತಿದ್ರು. ಏನು ಬಂತು? ಸಂಗೀತದೋರು ಶ್ರುತಿ ಅನ್ನೋದು ಅದನ್ನೇ. ಮೂರರ ನಡೆಗೆ ಅವರು 'ತಕಿಟ' ಅಂತಾರೆ, ತಿಶ್ರ ಅಂತ ಹೆಸರಿಡ್ತಾರೆ. ನಾಲ್ಕಕ್ಕೆ 'ತಕಧಿಮಿ', ಚತುರಶ್ರ. ನಮ್ಮಪ್ಪನಿಗೆ ಅದು ಸಾವಿನ ಬಡಿತ, ಮದುವೆ ಬಡಿತ, ದೇವರ ಬಡಿತ. ಲೆಕ್ಕ ಕೈಯಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ ಅಷ್ಟೇ.

ಕಛೇರಿಯ ಮೃದಂಗದ ಕತೆಯೂ ನೋಡಿ. ಹಸು, ಆಡು, ಎಮ್ಮೆ ಚರ್ಮ ಇಲ್ಲದೆ ಅದು ನುಡಿಯಲ್ಲ. ಆ ಚರ್ಮ ಆರಿಸಿ, ಹದ ಮಾಡಿ, ಬಿಗಿದು, ಹಾಡುವವರ ಷಡ್ಜಕ್ಕೆ ಬಲಗಡೆಯನ್ನ ಕೂಡಿಸಿದವರಲ್ಲಿ ಹೆಚ್ಚಿನವರು ತಮಿಳುನಾಡಿನ ದಲಿತ ಕ್ರೈಸ್ತರು. ಟಿ.ಎಂ. ಕೃಷ್ಣ ಅವರು 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಅವರ ಚರಿತ್ರೆ ಬರೆದ್ರು. 2020ರಲ್ಲಿ ಅದರ ಬಿಡುಗಡೆಗೆ ಮೊದಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಸಭಾಂಗಣ ಕೊಡಲಿಲ್ಲ. ಕಿವಿ ನಮ್ಮದು, ಸಭೆ ಅವರದು.

ಒಂದು ಮಾತು ಮುಚ್ಚಿಡಬಾರದು. ತಮಟೆ ನಮಗೆ ಬರೀ ಹೆಮ್ಮೆ ಅಲ್ಲ, ಬಿಟ್ಟಿ ಚಾಕರಿಯೂ ಹೌದು. ಊರಲ್ಲಿ ಹೆಣ ಬಿದ್ರೆ ಕರೆದ ತಕ್ಷಣ ಹೋಗಬೇಕಿತ್ತು. ಅದಕ್ಕೇ ಎಷ್ಟೋ ಜನ ತಮಟೆ ಕೆಳಗಿಟ್ರು. ಅದು ಸರಿಯೇ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಅದೇ ತಮಟೆ ಜಾಥಾದ ಮುಂದೆ ಬಂತು. ಸಿದ್ದಲಿಂಗಯ್ಯನವರ ಹಾಡುಗಳನ್ನ ಸರಿಗಮ ಕಲಿಯದ ಗಂಟಲುಗಳೇ ಊರೂರಿಗೆ ಒಯ್ದವು. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಖುಷಿಯೇ.

ಆದ್ರೆ ಪ್ರಶಸ್ತಿ ಸಾಲದು. ನಮ್ಮ ಹುಡುಗರು ಸಂಗೀತ ಶಾಲೆಗೂ ಹೋಗಲಿ, ಅದು ಅವರ ಹಕ್ಕು. ಹೋಗೋ ಮೊದಲು ಕೇರಿಯ ತಾತನ ಹತ್ರ ಕೂತು, ಒಂದೊಂದು ಬಡಿತಕ್ಕೂ ಆತ ಏನಂತಾನೆ ಅಂತ ಮೊಬೈಲಲ್ಲಿ ಹಿಡಿದಿಟ್ಕೊಳ್ಳಿ. ಆ ತಾತ ಹೋದ್ರೆ ಆ ಪದಗಳೂ ಹೋಗ್ತವೆ. ನಮ್ಮಪ್ಪನ ಪದಗಳನ್ನ ನಾನು ಬರೆದಿಟ್ಕೊಳ್ಳಲಿಲ್ಲ.