ಗುತ್ತಿಗೆ ನೆಲದ ನೆರೆಹೊರೆ: ಮುಂಡಗೋಡಿನ ಟಿಬೆಟನ್ನರು ಮತ್ತು ಸ್ಥಳೀಯರು

ಮುಂಡಗೋಡ ಎಂದರೆ ಹೊರಗಿನವರಿಗೆ ಡ್ರೆಪುಂಗ್, ಗಾಂದೆನ್ ಮಠಗಳು. ಊರಿನವರಿಗೆ ಅದು ‘ಕ್ಯಾಂಪ್’: ಕೂಲಿ ಸಿಗುವ, ಅಂಗಡಿಗೆ ಗಿರಾಕಿ ಬರುವ, ಆಟೋಕ್ಕೆ ಬಾಡಿಗೆ ಹುಟ್ಟುವ ಜಾಗ. ಇಲ್ಲಿನ ಸಹಬಾಳ್ವೆಯನ್ನು ಅತಿಥಿಸತ್ಕಾರದ ಕಥೆಯಾಗಿ ಹೇಳುವುದು ವಾಡಿಕೆ. ಆ ಕಥೆಗಿಂತ ಭೂಮಿಯ ಹಕ್ಕಿನ ಸ್ವರೂಪವೇ ಅದನ್ನು ಚೆನ್ನಾಗಿ ವಿವರಿಸುತ್ತದೆ ಎಂಬುದು ಈ ಲೇಖನದ ವಾದ.

ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಉತ್ತರ ಕನ್ನಡದ ಈ ಅಂಚಿನಲ್ಲಿ ಸುಮಾರು 4,000 ಎಕರೆ ಅರಣ್ಯಭೂಮಿ ನಿರಾಶ್ರಿತರಿಗೆ ದೊರೆಯಿತು. ದೊರೆತದ್ದು ಗುತ್ತಿಗೆಯ ಮೇಲೆ. ಮಾರುವ ಹಕ್ಕಿಲ್ಲ, ಪಕ್ಕದ ಹೊಲವನ್ನು ಕೊಂಡು ಸೇರಿಸಿಕೊಳ್ಳುವ ದಾರಿಯೂ ಇಲ್ಲ. ಹಾಗಾಗಿ ಜಮೀನಿನ ಪೇಟೆಯಲ್ಲಿ ಟಿಬೆಟನ್ನರು ಸ್ಥಳೀಯ ರೈತರಿಗೆ ಪೈಪೋಟಿಯಾಗಲೇ ಇಲ್ಲ. ಕಾಡನ್ನೇ ನಂಬಿದ್ದ ಗೌಳಿಗರ ಲೆಕ್ಕ ಮಾತ್ರ ಬೇರೆಯೇ ಇರಬೇಕು. ದನ ಮೇಯಿಸುವವರ ಬಳಕೆಗೆ ಪಹಣಿ ಇರುವುದಿಲ್ಲ, ದಾಖಲೆಗಳನ್ನಷ್ಟೇ ಓದುವ ಸಂಶೋಧಕನಿಗೆ ಅವರು ಕಾಣಿಸುವುದೂ ಇಲ್ಲ.

ಎರಡೂ ಕಡೆಯವರನ್ನು ದಿನನಿತ್ಯ ಬೆಸೆದದ್ದು ದುಡಿಮೆ. ದೀಪಾವಳಿಯ ಆಸುಪಾಸಿಗೆ ಟಿಬೆಟನ್ ಕುಟುಂಬಗಳು ಲೂಧಿಯಾನದ ಸ್ವೆಟರ್ ಮಾರಲು ದೂರದ ನಗರಗಳಿಗೆ ಹೊರಡುತ್ತವೆ. ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬರುವ ಕಾಲವೂ ಅದೇ. ಕುಡುಗೋಲು ಹಿಡಿಯುವವರು ಆಸುಪಾಸಿನ ಹಳ್ಳಿಗಳ ಹೆಣ್ಣಾಳುಗಳು. ಕೂಲಿಯ ಚೌಕಾಸಿ ಕನ್ನಡದಲ್ಲೇ ನಡೆಯುತ್ತದೆ. ಆಳುಗಳಲ್ಲಿ ಟಿಬೆಟನ್ ಕಲಿಯುವವರು ವಿರಳ. ಭಾಷೆಯಲ್ಲಿ ಹೀಗೆ ಧಣಿಯೇ ಆಳಿನತ್ತ ಬಾಗಬೇಕಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ಅಪರೂಪ.

ಅಸಮಾಧಾನಕ್ಕೆ ಕಾರಣವಿರಲಿಲ್ಲ ಎಂದಲ್ಲ. ವಿದೇಶಿ ನೆರವು ಕ್ಯಾಂಪಿನ ಗಡಿಯೊಳಗೆ ನಿಲ್ಲುತ್ತಿತ್ತು. ಗಡಿಯಾಚೆಯ ಬಡವನಿಗೆ ಅಂಥ ದಾತರಿರಲಿಲ್ಲ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಗ್ರಾಮೀಣ ಬಡವರತ್ತ ಹೊರಳಿ, ಸ್ವಸಹಾಯ ಗುಂಪುಗಳಿಗೆ ಹೆಸರಾಯಿತು. ಕರ್ನಾಟಕದ ಗ್ರಾಮಾಭಿವೃದ್ಧಿಯ ಚರಿತ್ರೆಯಲ್ಲಿ ನಿರಾಶ್ರಿತರ ಈ ಪಾಲನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಪೌರತ್ವದ ಪ್ರಶ್ನೆ ಬಂದಾಗ ಗುತ್ತಿಗೆಯ ಬಿಗಿ ಗೊತ್ತಾಗುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂಬ ನಿಯಮ ಟಿಬೆಟನ್ನರಿಗೂ ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಒಪ್ಪಿತು. 2017ರಲ್ಲಿ ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟಿಗೆ ಷರತ್ತು ಹಾಕಿತು: ನೋಂದಣಿ ಪತ್ರ ಒಪ್ಪಿಸಬೇಕು, ವಸಾಹತನ್ನೂ ಬಿಡಬೇಕು. ನಿರಾಶ್ರಿತನಾಗಿದ್ದರೆ ಮಾತ್ರ ನೆರೆಯವನಾಗಿರಬಹುದು, ಪ್ರಜೆಯಾದರೆ ಮನೆ ಖಾಲಿ ಮಾಡಬೇಕು!

ಈಚೆಗೆ ಕ್ಯಾಂಪಿನ ಯುವಕರು ಯುರೋಪು, ಅಮೆರಿಕದ ಹಾದಿ ಹಿಡಿದಿದ್ದಾರೆ. ಉಳಿದ ಹಿರಿಯರಿಂದ ಉಳುಮೆ ಸಾಗದೆಡೆ ಸ್ಥಳೀಯ ರೈತ ಪಾಲಿಗೋ ಲಾವಣಿಗೋ ಬಿತ್ತುತ್ತಾನೆ. ಕರಾರೆಲ್ಲ ಬಾಯಿಮಾತಿನದು. ಆನೆ ನುಗ್ಗಿ ಭತ್ತ ತುಳಿದರೆ ಪರಿಹಾರ ಕೇಳಲು ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮುಂದಿನ ಅಧ್ಯಯನ ಶುರುವಾಗಬೇಕಾದದ್ದು ಈ ಗೇಣಿದಾರನಿಂದ.