ಸ್ಥಳೀಯ ವ್ಯಾಪಾರದಲ್ಲಿ ಗ್ರಾಹಕ ಸೇವೆ ಮತ್ತು ಗ್ರಾಹಕರ ವಿಶ್ವಾಸ

ಪೀಠಿಕೆ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ನಾಗರಬಾವಿಯಲ್ಲಿ ವಸತಿ ಬಡಾವಣೆಗಳ ಜೊತೆಗೆ ರಾಷ್ಟ್ರೀಯ ಕಾನೂನು ಶಾಲೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಮುಂತಾದ ವಿದ್ಯಾಸಂಸ್ಥೆಗಳಿವೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವೂ ಸಮೀಪದಲ್ಲಿದೆ. ಆದುದರಿಂದ ಇಲ್ಲಿನ ದಿನಸಿ, ಔಷಧಿ, ಉಪಾಹಾರ ಹಾಗೂ ದುರಸ್ತಿ ಅಂಗಡಿಗಳಿಗೆ ನೆಲೆನಿಂತ ಕುಟುಂಬಗಳೂ ಕೆಲವು ವರ್ಷ ಇದ್ದು ಹೋಗುವ ವಿದ್ಯಾರ್ಥಿಗಳೂ ಗ್ರಾಹಕರಾಗಿದ್ದಾರೆ.

ದೊಡ್ಡ ಮಳಿಗೆಗಳು ಮತ್ತು ಮೊಬೈಲ್ ಮೂಲಕ ಮನೆಗೆ ಸರಕು ತಲುಪಿಸುವ ಕಂಪನಿಗಳು ನೀಡುವ ರಿಯಾಯಿತಿಯನ್ನು ಸಣ್ಣ ಅಂಗಡಿಯವರು ನೀಡುವುದು ಕಷ್ಟ. ಅವರ ಮುಖ್ಯ ಬಂಡವಾಳ ಗ್ರಾಹಕರ ವಿಶ್ವಾಸವೇ ಆಗಿದೆ.

ವಿಶ್ವಾಸ ಬೆಳೆಯುವ ಬಗೆ

ಬೇಳೆಯ ತೂಕವನ್ನಾಗಲಿ, ಮಿಕ್ಸಿ ಕೆಟ್ಟಿರುವ ಕಾರಣವನ್ನಾಗಲಿ ಗ್ರಾಹಕರು ಪ್ರತಿ ಬಾರಿಯೂ ಸ್ವತಃ ಪರೀಕ್ಷಿಸಲಾರರು. ದೋಷ ಕಂಡುಬಂದಾಗ ಅಂಗಡಿಯವರು ಹೇಗೆ ನಡೆದುಕೊಂಡರು ಎಂಬುದರಿಂದ ಅವರು ಉಳಿದ ವ್ಯವಹಾರವನ್ನೂ ಅಳೆಯುತ್ತಾರೆ. ವಾದಿಸದೆ ಬದಲಿ ವಸ್ತು ಕೊಟ್ಟ ಅಂಗಡಿಗೆ ಗ್ರಾಹಕರು ಮರಳಿ ಬರುತ್ತಾರೆ, ನೆರೆಹೊರೆಯವರಿಗೂ ಹೇಳುತ್ತಾರೆ.

ಇದಕ್ಕೆ ಬೆಂಗಳೂರಿನದೇ ಒಂದು ನಿದರ್ಶನವಿದೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಶುಚಿತ್ವಕ್ಕೆ ಹೆಸರಾಗಿತ್ತು, ಅಡುಗೆಮನೆಯನ್ನು ಗ್ರಾಹಕರು ನೋಡಲು ಅವಕಾಶವಿತ್ತು. 1975ರಲ್ಲಿ ಘೋಷಿಸಲಾದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ದರವನ್ನು ಸರ್ಕಾರ ತಗ್ಗಿಸಿದಾಗ, ಸಂಸ್ಥೆಯು ಗುಣಮಟ್ಟವನ್ನು ಇಳಿಸದೆ ನಷ್ಟವನ್ನು ಅನುಭವಿಸಿತು; ಕೊನೆಗೆ ಹೋಟೆಲನ್ನು ಮುಚ್ಚಿ ಸಿದ್ಧ ಹಿಟ್ಟು ಮತ್ತು ಮಸಾಲೆ ಪುಡಿಗಳ ಮಾರಾಟಕ್ಕೆ ತೊಡಗಿತು. ಹೋಟೆಲಿನಲ್ಲಿ ಗಳಿಸಿದ ಹೆಸರೇ ಹೊಸ ವ್ಯಾಪಾರಕ್ಕೆ ಆಧಾರವಾಯಿತು.

ವ್ಯಾಪಾರಿಗಳು ಪಾಲಿಸಬೇಕಾದ ಅಂಶಗಳು

ಉತ್ತಮ ಸೇವೆಯ ಹಲವು ಅಂಶಗಳು ಕಾನೂನಿನ ಅಗತ್ಯಗಳೂ ಆಗಿವೆ.

1. ತೂಕ: ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಅಡಿಯಲ್ಲಿನ ನಿಯಮಗಳಂತೆ ವಿದ್ಯುನ್ಮಾನ ತಕ್ಕಡಿಗಳನ್ನು 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸತಕ್ಕದ್ದು. ತಕ್ಕಡಿಯ ಅಂಕಿಗಳು ಗ್ರಾಹಕರಿಗೆ ಕಾಣುವಂತಿರಬೇಕು.

2. ಬೆಲೆ: ಪೊಟ್ಟಣದ ಮೇಲೆ ನಮೂದಿಸಿದ ಗರಿಷ್ಠ ಚಿಲ್ಲರೆ ಬೆಲೆಯು ಎಲ್ಲ ತೆರಿಗೆಗಳನ್ನು ಒಳಗೊಂಡಿರುತ್ತದೆ. ಅದಕ್ಕಿಂತ ಹೆಚ್ಚು ಪಡೆಯತಕ್ಕದ್ದಲ್ಲ.

3. ರಸೀದಿ: ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ ಅಥವಾ ರಸೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ.

4. ದೋಷಯುಕ್ತ ಸರಕು: ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಬಿಲ್ಲಿನ ಮೇಲೆ "ಮಾರಿದ ಸರಕನ್ನು ಹಿಂಪಡೆಯುವುದಿಲ್ಲ" ಎಂದು ಮುದ್ರಿಸಿದ ಮಾತ್ರಕ್ಕೆ ಈ ಹೊಣೆಯಿಂದ ವಿನಾಯಿತಿ ದೊರೆಯುವುದಿಲ್ಲ.

5. ಖಾಸಗಿ ವಿವರ: ಗ್ರಾಹಕರು ನಂಬಿಕೆಯಿಂದ ನೀಡಿದ ದೂರವಾಣಿ ಸಂಖ್ಯೆ, ವಿಳಾಸಗಳನ್ನು ಕಾನೂನುಬದ್ಧ ಕಾರಣವಿಲ್ಲದೆ ಇತರರಿಗೆ ನೀಡಬಾರದು.

ಇವುಗಳ ಜೊತೆಗೆ, ವೃದ್ಧರಿಗೆ ಸರಕನ್ನು ಮನೆಗೆ ತಲುಪಿಸುವುದು, ದುರಸ್ತಿಯ ಅಂದಾಜು ವೆಚ್ಚವನ್ನು ಮೊದಲೇ ತಿಳಿಸುವುದು, ಉದ್ರಿ ಲೆಕ್ಕವನ್ನು ಗ್ರಾಹಕರ ಎದುರಿನಲ್ಲೇ ಬರೆಯುವುದು ಇತ್ಯಾದಿಗಳು ಹೆಚ್ಚಿನ ಖರ್ಚಿಲ್ಲದ ಸೇವೆಗಳು.

ಗ್ರಾಹಕರ ಗಮನಕ್ಕೆ

ಲೋಪ ಕಂಡುಬಂದಲ್ಲಿ ಮೊದಲು ಬಿಲ್ಲಿನೊಂದಿಗೆ ಅಂಗಡಿಯವರನ್ನೇ ಸಂಪರ್ಕಿಸುವುದು ಸೂಕ್ತ. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

ದೂರು ಆಯೋಗದವರೆಗೆ ಹೋಗುವ ಮುನ್ನವೇ ಅಂಗಡಿಯಲ್ಲಿ ಇತ್ಯರ್ಥವಾದರೆ ಗ್ರಾಹಕರಿಗೆ ಸಮಯ ಉಳಿಯುತ್ತದೆ, ವ್ಯಾಪಾರಿಗೆ ಗ್ರಾಹಕರು ಉಳಿಯುತ್ತಾರೆ.